ಹದಿನಾರಾಣೆ ಲೆಕ್ಕ ಹಾಕುವ ಯಂತ್ರ

ಕಳೆದ ಬೇಸಿಗೆಯ ಮಾತು. ನಮಗೆ ಪರಿಚಯದ ಹುಡುಗಿಯೊಬ್ಬಳು ಪದವಿಯಲ್ಲಿ ಕಂಪ್ಯೂಟರ್ ಓದುತ್ತಿದ್ದಾಳೆ. ರಜೆಗೆ ಊರಿಗೆ ಬಂದಿದ್ದಳು. ಊರಿನ ಹಾಲಿನ ಡೇರಿಯ ಕಾರ್ಯದರ್ಶಿಗೆ ದಿನವೂ ಒಂದೇ ತಲೆನೋವು: ಪ್ರತಿ ಮನೆಯ ಬೆಳಗಿನ ಹಾಲು, ಸಂಜೆಯ ಹಾಲು ಕೂಡಿಸಿ, ಪುಸ್ತಕದಲ್ಲಿ ಬರೆದ ಒಟ್ಟಿಗೆ ತಾಳೆ ನೋಡಬೇಕು. ಹುಡುಗಿ ಪೈಥಾನ್ ಭಾಷೆಯಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಬರೆದುಕೊಟ್ಟಳು. ಎರಡು ಹೊತ್ತಿನ ಹಾಲು ಕೂಡಿಸು, ಪುಸ್ತಕದ ಒಟ್ಟಿಗೆ ಸಮ ಇದ್ದರೆ ‘ಸರಿ’ ಅನ್ನು, ಇಲ್ಲದಿದ್ದರೆ ‘ತಾಳೆ ಇಲ್ಲ’ ಅನ್ನು. ಅಷ್ಟೇ.

ಮೊದಲ ದಿನವೇ ಕೆಲವು ಮನೆಗಳ ಎದುರು ‘ತಾಳೆ ಇಲ್ಲ’ ಎಂದು ಬಂತು. ಅದರಲ್ಲಿ ಒಂದು, ಒಂದೇ ಹಸು ಕಟ್ಟಿಕೊಂಡು ಜೀವನ ಮಾಡುವ ಹೆಂಗಸಿನ ಮನೆ. ಬೆಳಿಗ್ಗೆ 2.2 ಲೀಟರ್, ಸಂಜೆ 1.1 ಲೀಟರ್, ಪುಸ್ತಕದಲ್ಲಿ 3.3 ಲೀಟರ್. ಯಾವ ಮಗುವಿಗೂ ಗೊತ್ತಾಗುವ ಲೆಕ್ಕ. ಆದರೆ ಪಟ್ಟಿ ಡೇರಿಯಲ್ಲಿ ಹತ್ತು ಜನರ ಎದುರು ಓದಿ ಆಗಿತ್ತು. ‘ಕಂಪ್ಯೂಟರೇ ಹೇಳ್ತಿದೆಯಲ್ಲ’ ಎಂದು ಯಾರೋ ಗೊಣಗಿದರು. ‘ನಾನೇನು ಹಾಲಿಗೆ ನೀರು ಹಾಕಿದ್ನಾ, ಲೆಕ್ಕ ಕದ್ದಿದ್ನಾ?’ ಎಂದು ಆ ಹೆಂಗಸು ಕಣ್ಣೀರು ಹಾಕಿಕೊಂಡು ಕ್ಯಾನು ಎತ್ತಿಕೊಂಡು ಹೋದಳು.

ಹುಡುಗಿ ಗಾಬರಿಯಾಗಿ ಯಂತ್ರವನ್ನೇ ಕೇಳಿದಳು: 2.2ಕ್ಕೆ 1.1 ಕೂಡಿಸಿದರೆ ಎಷ್ಟು? ಯಂತ್ರ ಹೇಳಿದ್ದು 3.3000000000000003. ಕೊನೆಯಲ್ಲಿರುವ ಆ ಮೂರು, ಒಂದು ಹನಿ ಹಾಲಿನ ಹೆಚ್ಚುಕಡಿಮೆ ಹತ್ತು ಸಾವಿರ ಕೋಟಿಯಲ್ಲೊಂದು ಪಾಲು. ಅಷ್ಟಕ್ಕೇ ಯಂತ್ರ ‘ಸಮ ಇಲ್ಲ’ ಅಂದುಬಿಟ್ಟಿತ್ತು.

ಯಂತ್ರ ಕೆಟ್ಟಿರಲಿಲ್ಲ. ಪ್ರೋಗ್ರಾಂನ ಕೂಡುವ ಲೆಕ್ಕದಲ್ಲೂ ತಪ್ಪಿರಲಿಲ್ಲ. ಹಾಗಾದರೆ ಆ ಮೂರು ಎಲ್ಲಿಂದ ಬಂತು? ಇದನ್ನು ಹುಡುಕಿಕೊಂಡು ಹೋದ ನಾವು ಕಡೆಗೆ ಬಂದು ನಿಂತದ್ದು, ಅದೇ ಊರಿನ ಒಬ್ಬ ಅಜ್ಜನ ಜಗಲಿಯಲ್ಲಿ.

ಅಜ್ಜನ ಅಂಗಡಿಯ ಜಗಳ

ಅಜ್ಜ ಹುಡುಗನಾಗಿದ್ದಾಗ ಅಪ್ಪನ ದಿನಸಿ ಅಂಗಡಿಯಲ್ಲಿ ಕೂರುತ್ತಿದ್ದವರು. ಆಗ ರೂಪಾಯಿಗೆ 16 ಆಣೆ. ಎಂಟಾಣೆ ಎಂದರೆ ಅರ್ಧ ರೂಪಾಯಿ, ನಾಲ್ಕಾಣೆ ಎಂದರೆ ಕಾಲು, ಎರಡಾಣೆ ಎಂದರೆ ಅರೆಕಾಲು, ಒಂದಾಣೆ ಎಂದರೆ ಅದರಲ್ಲೂ ಅರ್ಧ. ಆಣೆಗೆ 4 ಕಾಸು, ಅಂದರೆ ಹಳೆಯ ಪೈಸೆ. ಹಾಗಾಗಿ ರೂಪಾಯಿಗೆ 64. ಆಣೆಗೆ 12 ಪೈ ಎಂಬ ಇನ್ನೊಂದು ಚಿಲ್ಲರೆ ಇತ್ತು. ಅದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧ, ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ. ಅಳತೆಯೂ ಹಾಗೆಯೇ: ಸೇರು, ಅಚ್ಚೇರು, ಪಾವು, ಅರೆಪಾವು. ಇನ್ನೂ ಹಿಂದಕ್ಕೆ ಹೋದರೆ ಹಣದ ಕಾಲು ಭಾಗಕ್ಕೆ ಹಾಗ, ಹದಿನಾರನೇ ಒಂದು ಭಾಗಕ್ಕೆ ವೀಸ ಎಂಬ ಹೆಸರಿತ್ತು. ತಕ್ಕಡಿ ಹಿಡಿದವರಿಗೆ, ರೊಟ್ಟಿ ಮುರಿದವರಿಗೆ ಅರ್ಧ ಮಾಡುವುದಕ್ಕಿಂತ ಸುಲಭದ ಲೆಕ್ಕ ಬೇರೆ ಇಲ್ಲ.

1957ರ ಏಪ್ರಿಲ್ 1ರಂದು ಸರ್ಕಾರ ದಶಮಾಂಶ ನಾಣ್ಯ ತಂದಿತು. ರೂಪಾಯಿಗೆ 100 ನಯಾಪೈಸೆ. ಹಳೆಯ ಆಣೆ, ಹೊಸ ಪೈಸೆ ಎರಡೂ ಸ್ವಲ್ಪ ಕಾಲ ಒಟ್ಟಿಗೆ ಓಡಾಡಿದವು. ತೊಂದರೆ ಶುರುವಾದದ್ದು ಅಲ್ಲೇ. ಒಂದಾಣೆಗೆ ಸರಿಯಾಗಿ 6.25 ನಯಾಪೈಸೆ. ಕಾಲು ಪೈಸೆಯ ನಾಣ್ಯ ಯಾರ ಹತ್ತಿರವೂ ಇಲ್ಲ. ಹಾಗಾಗಿ ಪರಿವರ್ತನೆಯ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಹತ್ತಿರದ ಪೈಸೆಗೆ ಸರಿಮಾಡಿದ್ದರು.

‘ಒಂದೊಂದಾಣೆ ನಾಲ್ಕು ಸಲ ಕೊಟ್ರೆ ಆರು ನಾಲ್ಕ್ಲಿ ಇಪ್ಪತ್ನಾಲ್ಕು ಪೈಸೆ. ನಾಲ್ಕಾಣೆ ಒಟ್ಟಿಗೆ ಕೊಟ್ರೆ ಇಪ್ಪತ್ತೈದು. ಆ ಒಂದು ಪೈಸೆ ಯಾರ ಪಾಲಿಗೆ ಅಂತ ನಮ್ಮಪ್ಪನ ಅಂಗಡೀಲಿ ದಿನಾ ಜಗಳ ಕಣಪ್ಪ’ ಎಂದರು ಅಜ್ಜ. ಹದಿನಾರು ಆಣೆಗಳನ್ನು ಒಂದೊಂದಾಗಿ ಬದಲಿಸಿಕೊಂಡವನಿಗೆ ಸಿಗುವುದು 96 ಪೈಸೆ. ರೂಪಾಯಿಯಲ್ಲಿ ನಾಲ್ಕು ಪೈಸೆ ಮಾಯ. ಯಾರೂ ಕದ್ದಿಲ್ಲ. ಅರ್ಧದರ್ಧದ ಲೆಕ್ಕವನ್ನು ಹತ್ತರ ಲೆಕ್ಕಕ್ಕೆ ತಿರುಗಿಸುವಾಗ ಸೋರಿಹೋದದ್ದು ಅದು.

ನಾವು ಹುಡುಗಿಯ ಮುಖ ನೋಡಿದೆವು. ಅವಳು ಅಜ್ಜನ ಮುಖ ನೋಡುತ್ತಿದ್ದಳು. ಅವಳ ಯಂತ್ರದೊಳಗೆ ಈಗಲೂ ನಡೆಯುತ್ತಿರುವುದು ಇದೇ ಜಗಳ.

ಹತ್ತನೇ ಒಂದು ಪಾಲು ಕೊಡಿ ನೋಡೋಣ

ಈ ಜಗಳ ಮುಗಿಯದೇ ಇರುವುದು ಯಾಕೆ ಎಂಬುದನ್ನು ಆಣೆಯಲ್ಲೇ ನೋಡಬಹುದು. ಒಂದು ರೂಪಾಯಿಯ ಹತ್ತನೇ ಒಂದು ಪಾಲು, ಅಂದರೆ ಇಂದಿನ ಹತ್ತು ಪೈಸೆಯನ್ನು ಆಣೆಯಲ್ಲಿ ಕೊಡಬೇಕು ಎಂದುಕೊಳ್ಳಿ. ಅದು 1.6 ಆಣೆ. ನಮ್ಮ ಹತ್ತಿರ ಅರ್ಧ ಮಾಡಿ ಮಾಡಿ ಪಡೆದ ನಾಣ್ಯಗಳು ಮಾತ್ರ ಇವೆ. ಎರಡಾಣೆ ಕೊಟ್ಟರೆ ಹೆಚ್ಚಾಯಿತು. ಒಂದಾಣೆ ಕೊಡಿ, ಮೇಲೆ ಅರ್ಧ ಆಣೆ ಕೊಡಿ. ಒಂದೂವರೆ ಆಣೆ ಆಯಿತು. ಇನ್ನು ಉಳಿದದ್ದು ಎಷ್ಟು? ಒಂದು ಆಣೆಯ ಹತ್ತನೇ ಒಂದು ಪಾಲು.

ನೋಡಿ, ಹೊರಟದ್ದು ರೂಪಾಯಿಯ ಹತ್ತನೇ ಪಾಲು ಕೊಡಲಿಕ್ಕೆ. ಬಂದು ನಿಂತದ್ದು ಆಣೆಯ ಹತ್ತನೇ ಪಾಲಿಗೆ. ಈಗ ಆಣೆಯನ್ನೇ ಹದಿನಾರು ಚೂರು ಮಾಡಿ. ಅದರಲ್ಲಿ ಒಂದೂವರೆ ಚೂರು ಕೊಟ್ಟ ಮೇಲೆ ಮತ್ತೆ ಒಂದು ಚೂರಿನ ಹತ್ತನೇ ಪಾಲು ಉಳಿಯುತ್ತದೆ. ಆ ಚೂರನ್ನು ಮತ್ತೆ ಹದಿನಾರು ಮಾಡಿ, ಮತ್ತೆ ಅದೇ. ಪ್ರಳಯ ಬಂದರೂ ಇದು ಮುಗಿಯುವುದಿಲ್ಲ. ಹತ್ತು ಎಂದರೆ ಎರಡು ಇಂಟು ಐದು. ಅರ್ಧ ಮಾಡುತ್ತಾ ಹೋದರೆ ಆ ಐದು ಯಾವತ್ತೂ ಕರಗುವುದಿಲ್ಲ.

ನಮ್ಮ ಹತ್ತರ ಲೆಕ್ಕಕ್ಕೂ ಇಂಥದೇ ಒಂದು ಕೊರತೆ ಇದೆ. ಒಂದನ್ನು ಮೂರರಿಂದ ಭಾಗಿಸಿ: 0.3333 ಎಂದು ಬರೆಯುತ್ತಲೇ ಇರಬೇಕು. ಮೂವರು ಅಣ್ಣತಮ್ಮಂದಿರು ನೂರು ರೂಪಾಯಿ ಹಂಚಿಕೊಂಡರೆ ಒಂದು ಪೈಸೆ ಉಳಿಯುತ್ತದೆ. ಅದಕ್ಕೆ ನಾವು ಹೊಂದಿಕೊಂಡಿದ್ದೇವೆ. ಯಂತ್ರದ ಕೊರತೆ ನಮಗೆ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ 0.1 ಎಂಬುದು ನಮಗೆ ಚೊಕ್ಕ ಸಂಖ್ಯೆ.

ಬರ್ಲಿನ್‌ನ ಮನೆಯ ನಡುಮನೆಯಲ್ಲಿ

ಯಂತ್ರಕ್ಕೆ ಅರ್ಧದರ್ಧದ ಲೆಕ್ಕವೇ ಯಾಕೆ ಬೇಕಾಯಿತು? ಇದಕ್ಕೆ ಜರ್ಮನಿಯ ಬರ್ಲಿನ್‌ಗೆ ಹೋಗಬೇಕು. ಕೊನ್ರಾಡ್ ಝೂಸ ಎಂಬ ಯುವಕ ಸಿವಿಲ್ ಎಂಜಿನಿಯರಿಂಗ್ ಓದಿದವನು, ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಒಂದೇ ಬಗೆಯ ಉದ್ದುದ್ದ ಲೆಕ್ಕಗಳನ್ನು ಕೈಯಲ್ಲಿ ಮಾಡಿ ಬೇಸತ್ತು ಕೆಲಸ ಬಿಟ್ಟ. ಅಪ್ಪ ಅಮ್ಮನ ಮನೆಯ ನಡುಮನೆಯಲ್ಲೇ ತಗಡಿನ ಪಟ್ಟಿಗಳಿಂದ ಒಂದು ಲೆಕ್ಕದ ಯಂತ್ರ ಕಟ್ಟಿದ. 1938ರಲ್ಲಿ ಮುಗಿದ ಆ ಯಂತ್ರ ಪದೇಪದೇ ಸಿಕ್ಕಿಕೊಳ್ಳುತ್ತಿತ್ತು. 1941ರಲ್ಲಿ ಟೆಲಿಫೋನ್ ರಿಲೇಗಳನ್ನು ಜೋಡಿಸಿ ಮೂರನೆಯದನ್ನು ಕಟ್ಟಿದ. ಅದರ ಹೆಸರು ಝೆಡ್ 3.

ರಿಲೇ ಎಂದರೆ ಕರೆಂಟಿನಿಂದ ಆಡುವ ಸ್ವಿಚ್. ಅದಕ್ಕೆ ಗೊತ್ತಿರುವುದು ಎರಡೇ ಸ್ಥಿತಿ: ಆನ್, ಆಫ್. ಹತ್ತು ಅಂಕಿಗಳನ್ನು ಅದಕ್ಕೆ ಕಲಿಸುವ ಬದಲು 1 ಮತ್ತು 0 ಎಂಬ ಎರಡರಲ್ಲೇ ಎಲ್ಲ ಲೆಕ್ಕ ಮಾಡಿಸುವುದು ಝೂಸನಿಗೆ ಸರಳವಾಗಿ ಕಂಡಿತು. ಇದೇ ದ್ವಿಮಾನ ಪದ್ಧತಿ. ಬಿಂದುವಿನ ಎಡಕ್ಕೆ ಪ್ರತಿ ಮನೆಯೂ ಇಮ್ಮಡಿ, ಬಲಕ್ಕೆ ಪ್ರತಿ ಮನೆಯೂ ಅರ್ಧ. ಬಲಗಡೆಯ ಮೊದಲ ಮನೆ ಎಂಟಾಣೆ, ಎರಡನೆಯದು ನಾಲ್ಕಾಣೆ, ಮೂರನೆಯದು ಎರಡಾಣೆ, ನಾಲ್ಕನೆಯದು ಒಂದಾಣೆ ಎಂದುಕೊಳ್ಳಿ, ಲೆಕ್ಕ ಸರಿಹೋಗುತ್ತದೆ.

ಝೂಸ ಇನ್ನೊಂದು ಕೆಲಸವನ್ನೂ ಮಾಡಿದ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ರೂಪಾಯಿಗೆ ಒಂದು ಪಟ್ಟಿ, ಪೈಸೆಗೆ ಒಂದು ಪಟ್ಟಿ ಮೊದಲೇ ಗೆರೆ ಹೊಡೆದಿರುತ್ತದೆ. ಬಿಂದು ಕದಲುವುದಿಲ್ಲ. ಇದು ಸ್ಥಿರ ಬಿಂದು. ಆದರೆ ಎಂಜಿನಿಯರನಿಗೆ ಒಂದೇ ಲೆಕ್ಕದಲ್ಲಿ ಸೇತುವೆಯ ಭಾರವೂ ಬೇಕು, ಕೂದಲೆಳೆಯ ದಪ್ಪವೂ ಬೇಕು. ದೊಡ್ಡದು ಪಟ್ಟಿಯಲ್ಲಿ ಹಿಡಿಸುವುದಿಲ್ಲ, ಸಣ್ಣದು ಪಟ್ಟಿಯಿಂದ ಜಾರಿಹೋಗುತ್ತದೆ. ಅದಕ್ಕೆ ಉಪಾಯ: ಅಂಕಿಗಳನ್ನು ಒಂದು ಕಡೆ ಬರೆ, ಬಿಂದು ಎಲ್ಲಿ ಬರುತ್ತದೆ ಎಂಬುದನ್ನು ಪಕ್ಕದಲ್ಲಿ ಬೇರೆಯಾಗಿ ಬರೆ. ಬಿಂದು ಬೇಕಾದ ಕಡೆಗೆ ಸರಿಯುತ್ತದೆ. ಇದಕ್ಕೇ ಫ್ಲೋಟಿಂಗ್ ಪಾಯಿಂಟ್, ತೇಲುವ ಬಿಂದು ಎಂದು ಹೆಸರು. ಸ್ಪೇನ್‌ನ ಲಿಯೊನಾರ್ಡೊ ತೊರೆಸ್ ಕೆವೆಡೊ 1914ರಲ್ಲೇ ಇಂಥದೊಂದು ಕ್ರಮವನ್ನು ಕಾಗದದ ಮೇಲೆ ವಿವರಿಸಿದ್ದ. ಝೂಸ ಅದನ್ನು ಯಂತ್ರದಲ್ಲಿ ಓಡಿಸಿದ. ಝೆಡ್ 3ರಲ್ಲಿ ಒಂದು ಸಂಖ್ಯೆಗೆ 22 ಮನೆಗಳಿದ್ದವು: ಚಿಹ್ನೆಗೆ 1, ಬಿಂದುವಿನ ಜಾಗಕ್ಕೆ 7, ಅಂಕಿಗಳಿಗೆ 14. 1943ರ ಬಾಂಬ್ ದಾಳಿಯಲ್ಲಿ ಆ ಯಂತ್ರ ನಾಶವಾಯಿತು. ಅದರ ಉಪಾಯ ಉಳಿಯಿತು.

ಒಬ್ಬೊಬ್ಬರ ಯಂತ್ರದಲ್ಲಿ ಒಂದೊಂದು ಉತ್ತರ

ಎಲ್ಲರೂ ಇದನ್ನು ಒಪ್ಪಲಿಲ್ಲ. ಅಮೆರಿಕದಲ್ಲಿ ಜಾನ್ ವಾನ್ ನಾಯ್ಮನ್ ಮತ್ತು ಸಂಗಡಿಗರು 1946ರ ತಮ್ಮ ವರದಿಯಲ್ಲಿ, ಬಿಂದುವಿನ ಜಾಗವನ್ನು ಲೆಕ್ಕ ಬರೆಯುವವರೇ ನೋಡಿಕೊಳ್ಳಬಹುದು, ಅದಕ್ಕಾಗಿ ಯಂತ್ರದೊಳಗೆ ಬೇರೆ ಏರ್ಪಾಡು ಬೇಡ ಎಂದು ವಾದಿಸಿದರು. ಆದರೆ ಲೆಕ್ಕ ಬರೆಯುವವರಿಗೆ ಅದು ದೊಡ್ಡ ಹೊರೆಯಾಯಿತು. 1954ರಲ್ಲಿ ಬಂದ ಐಬಿಎಂ 704 ಯಂತ್ರದಲ್ಲಿ ತೇಲುವ ಬಿಂದುವಿನ ಲೆಕ್ಕಕ್ಕೆ ಒಳಗೇ ಏರ್ಪಾಡಿತ್ತು. ಆ ಯಂತ್ರಕ್ಕಾಗಿಯೇ ಫೋರ್ಟ್ರಾನ್ ಭಾಷೆ ಹೊರಬಂದದ್ದು 1957ರಲ್ಲಿ. ನಾವು ಆಣೆ ಬಿಟ್ಟು ದಶಮಾಂಶಕ್ಕೆ ಹೊರಳಿದ ವರ್ಷವೇ, ಅರ್ಧದರ್ಧದಲ್ಲಿ ಎಣಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು ಸಾಮಾನ್ಯ ವಿಜ್ಞಾನಿಗಳಿಗೂ ಸುಲಭವಾಯಿತು.

ಮುಂದಿನ ಇಪ್ಪತ್ತು ವರ್ಷ ಒಂದು ರೀತಿಯ ಸಂತೆ. ಪ್ರತಿ ಕಂಪನಿಗೂ ಅದರದೇ ಅಳತೆ. ಒಬ್ಬರು 36 ಮನೆ ಇಟ್ಟರೆ ಇನ್ನೊಬ್ಬರು 60 ಇಟ್ಟರು. ಐಬಿಎಂ ತನ್ನ 1964ರ ಸಿಸ್ಟಂ 360ರಲ್ಲಿ ಹದಿನಾರರ ಲೆಕ್ಕವನ್ನೇ ತಂದಿತು. ಒಂದೇ ಪ್ರೋಗ್ರಾಂ ಒಂದು ಯಂತ್ರದಲ್ಲಿ ಒಂದು ಉತ್ತರ, ಇನ್ನೊಂದರಲ್ಲಿ ಬೇರೆ ಉತ್ತರ ಕೊಡುತ್ತಿತ್ತು. ಕೆಲವು ಯಂತ್ರಗಳಲ್ಲಿ ‘ಇದು ಸೊನ್ನೆಯೇ?’ ಎಂದರೆ ‘ಅಲ್ಲ’ ಎನ್ನುತ್ತಿದ್ದ ಸಂಖ್ಯೆಯಿಂದಲೇ ಭಾಗಿಸಹೋದರೆ ‘ಸೊನ್ನೆಯಿಂದ ಭಾಗಿಸಿದಿರಿ’ ಎಂದು ಲೆಕ್ಕ ನಿಂತುಹೋಗುತ್ತಿತ್ತು. ಒಂದೂರಿನ ಸೇರು ಇನ್ನೊಂದೂರಿನ ಸೇರಿಗಿಂತ ದೊಡ್ಡದು ಎಂಬ ಕಾಲ ನಮ್ಮಲ್ಲೂ ಇತ್ತಲ್ಲ, ಹಾಗೆ.

ಇದಕ್ಕೆ ಮುದ್ರೆ ಒತ್ತಿದ ಸೇರು ಬೇಕು ಎಂದು ಪಟ್ಟುಹಿಡಿದವರಲ್ಲಿ ಮುಖ್ಯರು ವಿಲಿಯಂ ಕಹಾನ್. ಕೆನಡಾದಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಅವರನ್ನು ಇಂಟೆಲ್ ಕಂಪನಿ ಸಲಹೆಗೆ ಕರೆಯಿತು. ಅದರಿಂದ ಹುಟ್ಟಿದ 8087 ಎಂಬ ಚಿಪ್ 1980ರಲ್ಲಿ ಬಂತು. ಜೊತೆಗೇ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ತರಲು ಸಮಿತಿ ಕೂತಿತ್ತು. ಪೈಪೋಟಿ ಕಂಪನಿಗಳ ಜೊತೆ ವರ್ಷಗಟ್ಟಲೆ ವಾದ ನಡೆದು, 1985ರಲ್ಲಿ ಐ ಟ್ರಿಪಲ್ ಇ 754 ಎಂಬ ಮಾನದಂಡ ಒಪ್ಪಿಗೆಯಾಯಿತು. ಈ ಕೆಲಸಕ್ಕಾಗಿ ಕಹಾನ್‌ಗೆ 1989ರ ಟ್ಯೂರಿಂಗ್ ಪ್ರಶಸ್ತಿ ಬಂತು.

ನೀವು ಈ ಬರಹ ಓದುತ್ತಿರುವ ಫೋನಿನಲ್ಲಿ ನಡೆಯುವುದೂ ಅದೇ ನಿಯಮ. ಸಾಮಾನ್ಯವಾಗಿ ಒಂದು ಸಂಖ್ಯೆಗೆ 64 ಮನೆ: ಚಿಹ್ನೆಗೆ 1, ಬಿಂದುವಿನ ಜಾಗಕ್ಕೆ 11, ಅಂಕಿಗಳಿಗೆ 52. ನಮ್ಮ ಲೆಕ್ಕದಲ್ಲಿ ಹದಿನೈದು ಹದಿನಾರು ಅಂಕಿಗಳವರೆಗೆ ನಂಬಬಹುದು. ಅದಕ್ಕಿಂತ ಆಚೆಯದನ್ನು ಹತ್ತಿರದ ಚೂರಿಗೆ ಸರಿಮಾಡಿ ಬಿಡುತ್ತದೆ, 1957ರ ಕೋಷ್ಟಕದ ಹಾಗೆ. ಡೇರಿಯ ಆ ಮೂರು ಹುಟ್ಟಿದ್ದು ಹೀಗೆ.

ಮಾನದಂಡ ಬಂದದ್ದರಿಂದ ಸೋರುವುದು ನಿಲ್ಲಲಿಲ್ಲ. ಎಲ್ಲ ಯಂತ್ರಗಳೂ ಒಂದೇ ಕ್ರಮದಲ್ಲಿ, ಮೊದಲೇ ಹೇಳಬಹುದಾದಷ್ಟೇ ಸೋರಿಸುವಂತಾಯಿತು. ಅದೇ ದೊಡ್ಡ ಗೆಲುವು. ಸೋರುವುದನ್ನು ಗಮನಿಸಿಕೊಳ್ಳುವ ಕೆಲಸ ಪ್ರೋಗ್ರಾಂ ಬರೆಯುವವರ ಪಾಲಿಗೇ ಉಳಿಯಿತು.

ಗಮನಿಸದೇ ಹೋದಾಗ

ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರಲ್ಲಿ ಒಂದು ಸೂಚ್ಯಂಕ ಶುರುಮಾಡಿತು. ಆರಂಭದ ಬೆಲೆ 1000. ಪ್ರತಿ ವಹಿವಾಟಿಗೂ ಅದನ್ನು ಹೊಸದಾಗಿ ಲೆಕ್ಕಹಾಕಿ, ಬಿಂದುವಿನ ನಂತರ ಮೂರು ಅಂಕಿ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಎಸೆಯುತ್ತಿದ್ದರು. ಹತ್ತಿರಕ್ಕೆ ಸರಿಮಾಡಿದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗಿ ಸರಿತೂಗುತ್ತದೆ. ಕತ್ತರಿಸಿದರೆ ಯಾವಾಗಲೂ ಕಡಿಮೆಯೇ. ದಿನಕ್ಕೆ ಸಾವಿರಾರು ಸಲ ಹೀಗೆ ಕತ್ತರಿಸಿ, 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕಹಾಕಿದಾಗ ಬಂದದ್ದು 1098.892. ಪೇಟೆ ಏರಿತ್ತು, ಲೆಕ್ಕ ಅರ್ಧಕ್ಕೆ ಬಿದ್ದಿತ್ತು.

ಅಲ್ಲಿ ಹೋದದ್ದು ಬರೀ ಅಂಕಿ. 1991ರಲ್ಲಿ ಜೀವಗಳೇ ಹೋದವು. ಕೊಲ್ಲಿ ಯುದ್ಧದ ಸಮಯ. ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ, ಇರಾಕಿನ ಸ್ಕಡ್ ಕ್ಷಿಪಣಿಗಳನ್ನು ಆಕಾಶದಲ್ಲೇ ಹೊಡೆಯಲು ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ನಿಂತಿತ್ತು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಪಾಲುಗಳನ್ನು ಎಣಿಸುತ್ತಿತ್ತು. ಎಣಿಕೆಯನ್ನು ಸೆಕೆಂಡಿಗೆ ತಿರುಗಿಸಲು 0.1ರಿಂದ ಗುಣಿಸುತ್ತಿತ್ತು. ಆ 0.1ಕ್ಕೆ ಇದ್ದದ್ದು 24 ಮನೆ ಮಾತ್ರ. ಇದು ತೇಲುವ ಬಿಂದು ಅಲ್ಲ, ಸ್ಥಿರ ಬಿಂದುವಿನ ಲೆಕ್ಕ. ಆದರೆ ಕೊರತೆ ಅದೇ: ಹತ್ತನೇ ಒಂದು ಪಾಲು ಅರ್ಧದರ್ಧದಲ್ಲಿ ಮುಗಿಯುವುದಿಲ್ಲ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಕತ್ತರಿಸಿದ್ದರಿಂದ ಪ್ರತಿ ಎಣಿಕೆಗೆ ಆದ ಕೊರತೆ ಸುಮಾರು 0.000000095 ಸೆಕೆಂಡ್. ಏನೂ ಅಲ್ಲ ಅನ್ನಿಸುತ್ತದೆ. ಆದರೆ ಯಂತ್ರವನ್ನು ಆರಿಸದೇ ಸುಮಾರು 100 ಗಂಟೆ ಓಡಿಸಿದ್ದರು. ಅಷ್ಟರಲ್ಲಿ ಎಣಿಕೆಗಳು 36 ಲಕ್ಷ. ಗುಣಿಸಿದರೆ 0.34 ಸೆಕೆಂಡ್. ಸ್ಕಡ್ ಅಷ್ಟು ಹೊತ್ತಿನಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಫೆಬ್ರವರಿ 25ರಂದು ಪೇಟ್ರಿಯಟ್ ಹುಡುಕಿದ ಜಾಗದಲ್ಲಿ ಕ್ಷಿಪಣಿ ಇರಲಿಲ್ಲ. ಅದು ಸೈನಿಕರ ಬಿಡಾರದ ಮೇಲೆ ಬಿದ್ದು 28 ಅಮೆರಿಕನ್ ಸೈನಿಕರು ಸತ್ತರು. ತುಂಬ ಹೊತ್ತು ಓಡಿಸಿದರೆ ಗುರಿ ಸರಿಯುತ್ತದೆ ಎಂದು ಇಸ್ರೇಲ್‌ನವರು ಎರಡು ವಾರ ಮೊದಲೇ ತಿಳಿಸಿದ್ದರು. ತಿದ್ದಿದ ಸಾಫ್ಟ್‌ವೇರ್ ಕೂಡ ಸಿದ್ಧವಾಗಿತ್ತು. ಅದು ದಹ್ರಾನ್ ತಲುಪಿದ್ದು ಮರುದಿನ, ಫೆಬ್ರವರಿ 26ಕ್ಕೆ.

ಕಲಿಯುತ್ತಿರುವ ಮಕ್ಕಳಿಗೆ

ನಮ್ಮ ಹಳ್ಳಿಗಳಲ್ಲೂ ಈಗ ಪ್ರೋಗ್ರಾಂ ಕಲಿಯುವ ಮಕ್ಕಳಿದ್ದಾರೆ. ನಿಮ್ಮ ಮನೆಯಲ್ಲೂ ಇದ್ದರೆ ಈ ಮೂರು ಮಾತು ಓದಿ ಹೇಳಿ.

ಮೊದಲನೆಯದು, ತೇಲುವ ಬಿಂದುವಿನ ಎರಡು ಸಂಖ್ಯೆಗಳನ್ನು ‘ಸಮ ಇದೆಯೇ’ ಎಂದು ಕೇಳಬಾರದು. ‘ಇವೆರಡರ ನಡುವಿನ ವ್ಯತ್ಯಾಸ ನನಗೆ ಲೆಕ್ಕಕ್ಕೆ ಬರುವಷ್ಟಿದೆಯೇ’ ಎಂದು ಕೇಳಬೇಕು. ಹಾಲಿನ ಲೆಕ್ಕದಲ್ಲಿ ಒಂದು ಹನಿಗಿಂತ ಕಡಿಮೆ ವ್ಯತ್ಯಾಸ ವ್ಯತ್ಯಾಸವೇ ಅಲ್ಲ.

ಎರಡನೆಯದು, ದುಡ್ಡನ್ನು ರೂಪಾಯಿಯಲ್ಲಿ ಬಿಂದು ಇಟ್ಟು ಬರೆಯುವ ಬದಲು ಪೈಸೆಯಲ್ಲಿ ಎಣಿಸಬೇಕು. 4.35 ರೂಪಾಯಿಯನ್ನು ಪೈಸೆ ಮಾಡಲು 100ರಿಂದ ಗುಣಿಸಿ ನೋಡಿ: ಪೈಥಾನ್ 434.99999999999994 ಅನ್ನುತ್ತದೆ. ಬಿಂದುವಿನ ಆಚೆಯದನ್ನು ಕತ್ತರಿಸಿದರೆ 434. ಒಂದು ಪೈಸೆ ಹೋಯಿತು. ಮೊದಲಿಂದಲೇ 435 ಪೈಸೆ ಎಂದು ಇಟ್ಟುಕೊಂಡರೆ ಸೋರುವ ಮಾತೇ ಇಲ್ಲ. ಪೂರ್ಣ ಸಂಖ್ಯೆಗಳ ಕೂಡುಕಳೆಯಲ್ಲಿ ಪೈಥಾನ್ ಪೈಸೆಯಷ್ಟೂ ತಪ್ಪುವುದಿಲ್ಲ.

ಮೂರನೆಯದು, ಬಿಂದು ಬೇಕೇ ಬೇಕು ಎಂದಾದರೆ ಹತ್ತರ ಲೆಕ್ಕದಲ್ಲೇ ಎಣಿಸುವ ಡೆಸಿಮಲ್ ಎಂಬ ಏರ್ಪಾಡು ಪೈಥಾನ್‌ನಲ್ಲಿದೆ. 2008ರಲ್ಲಿ ಪರಿಷ್ಕರಿಸಿದ 754 ಮಾನದಂಡವೂ ದಶಮಾಂಶದ ಲೆಕ್ಕಕ್ಕೆ ಜಾಗ ಕೊಟ್ಟಿದೆ. ಸ್ವಲ್ಪ ನಿಧಾನ, ಆದರೆ ಅಲ್ಲಿ 0.1 ಎಂದರೆ 0.1ನೇ.

ಹುಡುಗಿ ಅಜ್ಜನ ಜಗಲಿಯಿಂದ ಎದ್ದು ಹೋಗಿ ಅದೇ ರಾತ್ರಿ ಪ್ರೋಗ್ರಾಂ ತಿದ್ದಿದಳು. ಲೀಟರ್ ತೆಗೆದು ಮಿಲಿಲೀಟರ್ ಹಾಕಿದಳು. 2200ಕ್ಕೆ 1100 ಕೂಡಿಸಿದರೆ 3300. ಯಂತ್ರ ‘ಸರಿ’ ಅಂದಿತು. ಉಳಿದ ಮನೆಗಳದೂ ಸರಿಬಂತು. ಬೆಳಿಗ್ಗೆ ಡೇರಿಯಲ್ಲಿ, ಹಿಂದಿನ ದಿನ ಪಟ್ಟಿ ಓದಿದ ಜಾಗದಲ್ಲೇ ನಿಂತು, ‘ತಪ್ಪು ನಂದು, ಯಾರ ಹಾಲಿನದೂ ಅಲ್ಲ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಒಂದು ಹಸುವಿನ ಹೆಂಗಸು ಕ್ಯಾನು ಇಳಿಸಿ, ‘ಇವತ್ತಿಂದು ಸರ್ಯಾಗಿ ಬರ್ಕೊಳವ್ವ, ಎರಡು ಸಾವಿರದ ಮುನ್ನೂರು’ ಎಂದಳು. ಕಾರ್ಯದರ್ಶಿ ಅಳೆದು ನೋಡಿದರು. ಅಷ್ಟೇ ಇತ್ತು.